ನಮ್ಮವರ ಹೊಟ್ಟೆ ನೋಡಿಸಲು ಹುಬ್ಬಳ್ಳಿಗೆ

ಸವಡಿಯಿಂದ ಟಂಟಂ ಆಟೋದಲ್ಲಿ ರೋಣಕ್ಕೆ ಬಂದು, ಗದಗಿನ ಮೊದಲ ಬಸ್ ಹಿಡಿದೆವು. ನಮ್ಮವರು ಹೊಟ್ಟೆಯ ಬಲಗಡೆ ಒತ್ತಿಕೊಂಡು ಕುಳಿತಿದ್ದರು. ಬಟ್ಟಿ ಸರಿದಿದೆ, ಹೊಕ್ಕುಳ ಜಾಗ ತಪ್ಪಿದೆ ಎಂದು ಓಣಿಯ ಮುದುಕಿಯಿಂದ ತಿಕ್ಕಿಸಿಕೊಂಡು ನೋವನ್ನು ಇನ್ನಷ್ಟು ಹೆಚ್ಚಿಸಿಕೊಂಡಿದ್ದರು. ಸಾಲೆಯಲ್ಲಿ ವಿಜ್ಞಾನ ಕಲಿಸುವ ನನ್ನ ಮಾತು ಮನೆಯಲ್ಲಿ ಮಾತ್ರ ನಡೆಯುವುದಿಲ್ಲ.

ಗದಗಿನ ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. "ಅಪೆಂಡಿಕ್ಸ್ ಇರಬೇಕ್ರಿ. ಆದ್ರ ಖಾತ್ರಿ ಇಲ್ಲದ ಕೊಯ್ಯೂದು ಬ್ಯಾಡ. ಹುಬ್ಬಳ್ಳ್ಯಾಗ ಸಿಟಿ ಸ್ಕ್ಯಾನ್ ಮಾಡಸ್ರಿ, ಲಗೂ ಹೋಗ್ರಿ. ಹೊಟ್ಟಿಗೆ ಏನೂ ಕೊಡಬ್ಯಾಡ್ರಿ" ಎಂದರು.

ನಮ್ಮವರ ಅಣ್ಣ ಇದೇ ನೋವು ಮುಚ್ಚಿಟ್ಟು, ಅಪೆಂಡಿಕ್ಸ್ ಒಳಗೇ ಒಡೆದು ತೀರಿಕೊಂಡಿದ್ದರು. ಅತ್ತೆಗೆ ಉಳಿದ ಮಗ ಇವರೊಬ್ಬರೇ. ಹುಬ್ಬಳ್ಳಿಯ ಬಸ್ ಹಿಡಿದೆವು. ಅಣ್ಣಿಗೇರಿಯಲ್ಲಿ ಮಿರ್ಚಿಯವನು ಬಸ್ ಹತ್ತಿದ.

"ಒಂದ ತಿಂತೀನಿ."

"ಸುಮ್ನ ಕುಂದರ್ರಿ."

ಸ್ಕ್ಯಾನಿಂಗ್ ಕೋಣೆಯ ಹುಡುಗಿ, "ಮೈಮ್ಯಾಲಿನ ಬೆಳ್ಳಿ ಬಂಗಾರ ಎಲ್ಲಾ ತಗೀರಿ, ಚಿತ್ರ ಕೆಡತೈತಿ" ಎಂದಳು. ಇವರ ಬೆಳ್ಳಿ ಉಡಿದಾರದ ಕೊಂಡಿ ಬಿಚ್ಚಲೇ ಇಲ್ಲ. ಅವಳು ಇಕ್ಕಳ ತಂದಳು. ನಮ್ಮಲ್ಲಿ ಗಂಡಸಿನ ಉಡಿದಾರ ಹರಿಯುವುದು ಹೆಣದ ಮೈಯಿಂದ ಮಾತ್ರ.

"ತಡೀರಿ!" ಎಂದು ಚೀರಿದವಳು ನಾನೇ, ವಿಜ್ಞಾನದ ಟೀಚರು. ಗೇಟಿನ ಹೊರಗಿನ ಅಂಗಡಿಗೆ ಓಡಿ ಕರಿದಾರ ತಂದೆ. ಮೊದಲು ಅದನ್ನು ಅವರ ಸೊಂಟಕ್ಕೆ ಕಟ್ಟಿ, ಆಮೇಲೆ ಬೆಳ್ಳಿಯದನ್ನು ಕತ್ತರಿಸಲು ಬಿಟ್ಟೆ.

"ಟೀಚರ, ಇದು ಯಾವ ಪಾಠದಾಗ ಬರತೈತಿ?" ನೋವಿನಲ್ಲೂ ಇವರಿಗೆ ಚೇಷ್ಟೆ. ಸಿಟ್ಟು ಬಂತು, ಪ್ರೀತಿಯೂ ಉಕ್ಕಿತು.

ಒಂದು ತಾಸು ಬೆಂಚಿನ ಮೇಲೆ ಕುಳಿತೆ. ಫಿಲ್ಮನ್ನು ದೀಪಕ್ಕೆ ಹಿಡಿದು ನೋಡಿದ ಅಲ್ಲಿಯ ಡಾಕ್ಟರು ನಕ್ಕರು. "ಅಪೆಂಡಿಕ್ಸ್ ಚಲೋ ಐತ್ರಿ. ಮೂತ್ರದ ನಾಳದಾಗ ಸಣ್ಣ ಹರಳ ಸಿಕ್ಕೈತಿ. ಗುಳಿಗಿ ತಗೊಂಡು ನೀರು ಭಾಳ ಕುಡೀಲಿ, ತಾನ ಬೀಳತೈತಿ. ಕೊಯ್ಯೂ ಕೆಲಸಿಲ್ಲ. ಇನ್ನ ಉಣ್ಣಾಕ ಕೊಡ್ರಿ."

ನೋವಿನ ಸೂಜಿ ಮಾಡಿಸಿಕೊಂಡು, ಅದು ಇಳಿದ ಮೇಲೆ ಬಸ್‌ಸ್ಟ್ಯಾಂಡಿಗೆ ಬಂದೆವು. ಎಸ್‌ಟಿಡಿ ಬೂತಿನಿಂದ ಅತ್ತೆಗೆ ಫೋನ್ ಹಚ್ಚಿದೆ.

"ಅತ್ತಿ, ಅದಲ್ಲಂತ್ರಿ. ಬರೇ ಹರಳಂತ. ಕೊಯ್ಯಾಂಗಿಲ್ಲಂತ."

ಅತ್ತೆ ಮೆಲ್ಲಗೆ ಕೇಳಿದರು: "ಅಂವಗ ಏನರ ತಿನ್ನಾಕ ಕೊಟ್ಟಿಯೇನವಾ?"

ತಿರುಗಿ ನೋಡಿದೆ. ನಮ್ಮವರು ರೋಣದ ಬಸ್ಸಿನ ಬಾಗಿಲಲ್ಲಿ ನಿಂತು, ಮೈಮರೆತು ಮಂಡಕ್ಕಿಯ ಗಿರ್ಮಿಟ್ ತಿನ್ನುತ್ತಿದ್ದರು.

"ತಿನ್ನಾಕತ್ತಾರ್ರಿ ಅತ್ತಿ" ಎಂದೆ. ಅಷ್ಟು ಹೇಳುವುದರಲ್ಲೇ ಅಳು ಒತ್ತರಿಸಿ ಬಂತು.