ಉಸ್ತಾದರು ನಮ್ಮ ಮನೆಗೆ ಬಂದ ಮೇಲೆ

ಹೈದರಾಬಾದಿನ ಪೊಲೀಸ್ ಕಾರ್ಯಾಚರಣೆಯ ಹಿಂದಿನ ವರ್ಷ, ಮಳೆಗಾಲಕ್ಕೆ ಮೊದಲು, ಭಾಲ್ಕಿಯ ನಮ್ಮ ಮನೆಯ ಮಣ್ಣಿನ ಮಾಳಿಗೆ ಸೋರದಂತೆ ಹೊಸ ಮಣ್ಣು ಹಾಕಲು ಹತ್ತಿದ ನಾನು ಅಂಚು ಕುಸಿದು ಅಂಗಳಕ್ಕೆ ಬಿದ್ದೆ. ಆಗ ನನಗೆ ಇಪ್ಪತ್ತನಾಲ್ಕು. ತಹಸೀಲ್ ಕಚೇರಿಯ ಮುಂದೆ ಕೂತು ಜನರಿಗೆ ಉರ್ದುವಿನಲ್ಲಿ ಅರ್ಜಿ ಬರೆದುಕೊಡುವುದು ನನ್ನ ಕೆಲಸವಾಗಿತ್ತು. ಬೀದರಿನ ದವಾಖಾನೆಯ ಡಾಕ್ಟರು, ಸೊಂಟದ ಕೆಳಗೆ ಇನ್ನು ಶಕ್ತಿ ಬರುವುದಿಲ್ಲ, ಬೆನ್ನಿಗೆ ಹುಣ್ಣಾಗದಂತೆ ನೋಡಿಕೊಳ್ಳಿ ಎಂದು ಹೇಳಿ ಮನೆಗೆ ಕಳಿಸಿದರು.

ಮನೆಯಲ್ಲಿ ಇದ್ದವರು ಅವ್ವ ಮತ್ತು ತಂಗಿ. ನನ್ನನ್ನು ಹೊರಳಿಸುವಾಗ ಅವ್ವನ ನಡು ಹಿಡಿದುಕೊಳ್ಳುತ್ತಿತ್ತು. ಅವರಿಬ್ಬರೂ ನನ್ನ ಬಟ್ಟೆ ಬದಲಿಸುವುದನ್ನು ತಾಳಲಾರದೆ ನಾನು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದೆ.

ಒಂದು ಮುಂಜಾನೆ ಉಸ್ತಾದರು ನೋಡಲು ಬಂದರು. ನಮ್ಮ ಹಿಂದಿನ ಓಣಿಯ ಮುಸಲ್ಮಾನರು, ಊರಿನ ಹುಡುಗರಿಗೆಲ್ಲ ಗರಡಿಮನೆಯಲ್ಲಿ ಕುಸ್ತಿ ಕಲಿಸಿದವರು, ತೀರಿಹೋದ ನನ್ನ ಅಪ್ಪನ ಗೆಳೆಯರು. ಮಂಚದ ಪಕ್ಕ ಕೂತು ನನ್ನ ತುಟಿ ನೋಡಿದರು.

"ಮುಂಜಾನಿಂದ ಎಷ್ಟು ನೀರು ಕುಡದೀ ಬೇಟಾ?"

"ಕುಡದೇನಿ, ಉಸ್ತಾದರ."

ಅವರು ನಂಬಲಿಲ್ಲ. ಒಂದು ಚೊಂಬು ನೀರು ತಂದು ಕೈಗೆ ಕೊಟ್ಟರು. "ಪೂರಾ ಕುಡಿ. ಮುಂದಿಂದು ನಾ ನೋಡ್ಕೋತೇನಿ."

ಮರುದಿನದಿಂದ ಎರಡು ಹೊತ್ತೂ ಬರತೊಡಗಿದರು. ಎಣ್ಣೆ ಹಚ್ಚಿ ತಿಕ್ಕುವುದು, ಜಳಕ, ಬಟ್ಟೆ, ಹೊರಳಿಸುವುದು ಎಲ್ಲ ಅವರದೇ. ಮುಟ್ಟುವ ಮೊದಲು "ಎತ್ತಲೇನು?" ಎಂದು ಕೇಳುತ್ತಿದ್ದರು, ನಾನು ಹೂಂ ಅನ್ನುವ ತನಕ ಕಾಯುತ್ತಿದ್ದರು. ಮಂಚದ ಮೇಲಿನ ತೊಲೆಗೆ ಒಂದು ಹಗ್ಗ ಕಟ್ಟಿ, ಹಿಡಿದು ಏಳಲು ಕಲಿಸಿದರು. ನಾನು ಅರ್ಧಕ್ಕೆ ಕೈಬಿಟ್ಟರೆ ಗರಡಿಯ ಹುಡುಗರಿಗೆ ಬೈದಂತೆಯೇ ಬೈಯುತ್ತಿದ್ದರು. ಆ ಬೈಗುಳ ಕೇಳಿ ನನಗೆ ಎಷ್ಟೋ ತಿಂಗಳ ಮೇಲೆ ನಗು ಬಂತು. ಉಳಿದವರೆಲ್ಲ ನನ್ನ ಹತ್ತಿರ ಪಿಸುದನಿಯಲ್ಲೇ ಮಾತಾಡುತ್ತಿದ್ದರು.

ಹೈದರಾಬಾದ್ ಸಂಸ್ಥಾನದೊಳಕ್ಕೆ ಭಾರತದ ಫೌಜು ಬಂದ ದಿನಗಳಲ್ಲಿ ಉಸ್ತಾದರು ಎರಡು ದಿನ ಕಾಣಲಿಲ್ಲ. ಮುಸಲ್ಮಾನರನ್ನು ಹುಡುಕಿ ಹೊಡೆಯುತ್ತಿದ್ದಾರೆಂಬ ಸುದ್ದಿಗೆ ಅವರ ಓಣಿಯಲ್ಲಿ ಬಾಗಿಲುಗಳೆಲ್ಲ ಮುಚ್ಚಿದ್ದವು. ಮೂರನೆಯ ಮುಂಜಾನೆ ಅವ್ವ ಸೆರಗು ಸರಿಮಾಡಿಕೊಂಡು ತಾನೇ ಹೋಗಿ, ಅವರನ್ನೂ ಅವರ ಹೆಂಡತಿಯನ್ನೂ ಮನೆಗೆ ಕರೆದುಕೊಂಡು ಬಂದಳು.

ಮರುದಿನ ಬಚ್ಚಲಲ್ಲಿ ಉಸ್ತಾದರು ನನಗೆ ನೀರು ಹಾಕುತ್ತಿದ್ದಾಗ ಅಂಗಳದಲ್ಲಿ ನಾಲ್ಕೈದು ಜನರ ಸದ್ದಾಯಿತು. "ಒಳಗ ಯಾರನ್ನ ಇಟ್ಕೊಂಡೀರಿ?" ಎಂದು ಒಬ್ಬ ಅವ್ವನನ್ನು ಕೇಳಿದ. ನನ್ನ ಭುಜದ ಮೇಲಿದ್ದ ಉಸ್ತಾದರ ಕೈ ನಿಂತುಹೋಯಿತು. ಹೊರಗಿನ ದನಿಗಳಲ್ಲಿ ಎರಡು ನನಗೆ ಗುರುತಿದ್ದವು. ಇಬ್ಬರೂ ಗರಡಿಯಲ್ಲಿ ಕಲಿತವರು. ನಾನು ಒಳಗಿಂದಲೇ ದನಿ ಎತ್ತರಿಸಿ ಹೇಳಿದೆ:

"ಉಸ್ತಾದರು ನನಗ ಜಳಕ ಮಾಡಸ್ಲಾಕತ್ತಾರ. ಅವರ ಕೈಯಾಗ ಕುಸ್ತಿ ಕಲತವರು ನೀವು. ನಾಳಿಂದ ನೀವು ಬಂದು ನನಗ ಎತ್ತಿ ಇಳಸ್ತೀರೇನು? ದಿನಾ ಎರಡು ಹೊತ್ತು? ಬರೂದಾದ್ರ ಹೇಳ್ರಿ."

ಸ್ವಲ್ಪ ಹೊತ್ತಿಗೆ ಚಪ್ಪಲಿಗಳ ಸದ್ದು ದೂರವಾಯಿತು. "ನೀರು ತಣ್ಣಗಾಗ್ಲಾಕತ್ತದ," ಎಂದು ಉಸ್ತಾದರು ಮತ್ತೊಂದು ಚೊಂಬು ಸುರಿದರು.

ಅವರು ಒಂದು ತಿಂಗಳು ನಮ್ಮಲ್ಲೇ ಇದ್ದರು. ಹೊರಗೆ ಊರು ಬಾಯಿ ಮುಚ್ಚಿಕೊಂಡಿತ್ತು, ನಮ್ಮ ಮನೆಯಲ್ಲಿ ಮಾತ್ರ ಗದ್ದಲ. ಬೀಬಿ, ಅಂದರೆ ಉಸ್ತಾದರ ಹೆಂಡತಿ, ಅವ್ವನ ರೊಟ್ಟಿ ದಪ್ಪವೆಂದರೆ, ಅವ್ವ ಆಕೆಯ ಖಾರಕ್ಕೆ ಕಣ್ಣೀರು ಒರೆಸಿಕೊಳ್ಳುತ್ತ ಮತ್ತೆರಡು ತುತ್ತು ಉಣ್ಣುತ್ತಿದ್ದಳು. ಉಸ್ತಾದರು ಬಡಿಗೇರನನ್ನು ಕೂಡಿಸಿಕೊಂಡು ನೆಲದಿಂದ ಗೇಣು ಎತ್ತರದ ಹಲಗೆಗೆ ನಾಲ್ಕು ಗಾಲಿ ಹಾಕಿಸಿದರು. ಮೊದಲ ದಿನ ಅದರ ಮೇಲೆ ಕೂತು ಕೈಯಿಂದ ನೆಲ ನೂಕುತ್ತ ಅಡುಗೆಮನೆಗೆ ಹೋದೆ. ಒಂದೂವರೆ ವರ್ಷದ ಮೇಲೆ ನಮ್ಮ ಒಲೆಯನ್ನು ನೋಡಿದ್ದು ಆಗಲೇ. ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ನಿಂತುಬಿಟ್ಟಳು.

ಮುಂದಿನ ಬೇಸಿಗೆಯಲ್ಲಿ ತಂಗಿಯ ಮದುವೆ ಔರಾದದಲ್ಲಿ ನಿಶ್ಚಯವಾಯಿತು. ಅಷ್ಟು ದೂರ ಮೋಟಾರು ಬಸ್ಸಿನಲ್ಲಿ ಕುಲುಕಾಡಿಕೊಂಡು ನಾನು ಹೋಗುವುದು ಬೇಡವೆಂದು ಸೋದರಮಾವ ಹೇಳಿದರು. ಉಸ್ತಾದರು ನನ್ನ ಕಡೆ ತಿರುಗಿದರು.

"ನಿನಗ ಹೋಗೂ ಮನಸದ ಏನು?"

"ಅದರಿ."

"ಹಂಗಾದ್ರ ಹೋಗೂದೇ."

ಮೋಟಾರು ಹತ್ತುವಾಗ ಅವರು ಎತ್ತಿದರು. ಔರಾದದಲ್ಲಿ ಇಳಿಯುವಾಗ ಮಾತ್ರ ನಾನು ಬೇಡವೆಂದೆ. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಿಗೆ ಜಾರಿ, ಹಲಗೆಯ ಮೇಲೆ ನಾನೇ ಕೂತೆ. ಹೊಸ ಧೋತರದ ತುಂಬ ಧೂಳಾಗಿತ್ತು. ಅವ್ವ ಅದನ್ನು ಕೊಡವಲು ಬಂದರೆ ಉಸ್ತಾದರು ಆಕೆಯನ್ನು ತಡೆದು, ನಾನೇ ಕೊಡವಿಕೊಳ್ಳುವುದನ್ನು ನೋಡುತ್ತ ನಿಂತರು.

ಮದುಮಕ್ಕಳ ತಲೆಗೆ ಅಕ್ಕಿಕಾಳು ಬಿದ್ದ ಮೇಲೆ ಎಕಂಬಾದಿಂದ ಬಂದ ಬೀಗರ ಪೈಕಿ ಒಬ್ಬರು ಮುದುಕರು ಹತ್ತಿರ ಬಂದರು. "ನೀವು ಅರ್ಜಿ ಬರೀತಿದ್ರಂತಲ್ರಿ. ನಮ್ಮ ಹೊಲದ ಸಲುವಾಗಿ ಒಂದು ಬರಕೊಡ್ತೀರೇನು?"

ಯಾರೋ ಕಾಗದ, ಲೇಖನಿ, ಮಸಿಯ ದೌತಿ ತಂದುಕೊಟ್ಟರು. ಹಲಗೆಯ ಮೇಲೆ ಕೂತೇ ಬರೆದೆ. ಬೆರಳು ಅಕ್ಷರ ಮರೆತಿರಲಿಲ್ಲ. ಮುದುಕರು ಎದ್ದ ಕೂಡಲೇ ಮತ್ತೊಬ್ಬರು ಕೂತರು, ಅವರ ಹಿಂದೆ ಇನ್ನಿಬ್ಬರು. ಅಷ್ಟರಲ್ಲಿ ಉಸ್ತಾದರು ಊಟಕ್ಕೆ ಕರೆಯಲು ಬಂದರು.

"ಜರಾ ತಡೀರಿ, ಉಸ್ತಾದರ. ಕೆಲಸದಾಗ ಅದೇನಿ," ಎಂದೆ.

ಅವರು ಆ ಸಾಲಿನಲ್ಲಿ ಕೊನೆಯವರಾಗಿ ನೆಲಕ್ಕೆ ಕೂತು, ಮುಂದಿದ್ದವನಿಗೆ ನನ್ನ ಅಕ್ಷರ ಎಷ್ಟು ಚಂದವೆಂದು ಹೇಳತೊಡಗಿದರು. ಅವರಿಗೆ ಓದಲು ಬರುತ್ತಿರಲಿಲ್ಲ.