ಅಜ್ಜಿಯ ಮನೆಗೆ ಅತಿಥಿಯಾಗಿ ಹೋದದ್ದು

ಬಾಗಿಲು ದಾಟಿದ ಕೂಡಲೇ ಮೂಗಿಗೆ ಬಡಿದದ್ದು ಅಟ್ಟದ ಕೊಬ್ಬರಿಯ ವಾಸನೆ. ಸುಲಿಯದ ತೆಂಗಿನಕಾಯಿ ಹತ್ತು ಹನ್ನೆರಡು ತಿಂಗಳು ಕತ್ತಲಲ್ಲಿ ತನ್ನಷ್ಟಕ್ಕೆ ಒಣಗುವಾಗ ಹುಟ್ಟುವ, ಎಣ್ಣೆಯ ಜಿಡ್ಡೂ ನಾರಿನ ಧೂಳೂ ಬೆರೆತ, ಕೊಂಚ ಸಿಹಿಯಾದ ವಾಸನೆ. ಗುಬ್ಬಿಯಿಂದ ಕುಣಿಗಲ್ ಕಡೆಗೆ ಹೋಗುವ ದಾರಿಯಲ್ಲಿ ಒಳಕ್ಕಿರುವ ನಮ್ಮೂರಿನ ಆ ಮನೆಗೆ ನಾನು ಕಾಲಿಟ್ಟು ಎಷ್ಟೋ ವರ್ಷಗಳಾಗಿದ್ದವು. ಅವತ್ತು ನನ್ನ ಹಿಂದೆ ಇಪ್ಪತ್ತು ವಿದ್ಯಾರ್ಥಿಗಳಿದ್ದರು. ತುಮಕೂರಿನ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುವ ನಾನು, ಗ್ರಾಮೀಣ ಪ್ರವಾಸೋದ್ಯಮದಿಂದ ಸುಸ್ಥಿರ ಅಭಿವೃದ್ಧಿ ಎಂಬ ಪಾಠವನ್ನು ಕಣ್ಣಾರೆ ತೋರಿಸಲು ಅವರನ್ನು ಕರೆತಂದಿದ್ದೆ. ಇದು ನನ್ನ ಅಜ್ಜಿಯ ಮನೆ ಎಂದು ಮಾತ್ರ ಅವರಿಗೆ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲವೋ ನನಗೂ ತಿಳಿಯದು.

ಅಜ್ಜಿ ಹೋದಮೇಲೆ ಮನೆ ಚಿಕ್ಕಪ್ಪನ ಮಗ ರವಿಯ ಪಾಲಿಗೆ ಬಂದಿತ್ತು. ಅವನಿಗೆ ಬಿದರೆಹಳ್ಳ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಕೆಲಸ, ಗುಬ್ಬಿಯಲ್ಲಿ ಸಂಸಾರ. ಹೆಂಚು ಕುಸಿಯುತ್ತಿದ್ದ ಮನೆಯನ್ನು ಅವನು ಊರಿನ ಮೂವರು ಹೆಂಗಸರಿಗೆ ವಹಿಸಿದ. ಅವರು ಹೆಂಚು ಹೊದಿಸಿದರು, ಸುಣ್ಣ ಬಳಿದರು, ಹಿತ್ತಿಲಲ್ಲಿ ಎರಡು ಬಾತ್‌ರೂಮ್ ಕಟ್ಟಿಸಿದರು. ಈಗ ಶನಿವಾರ ಭಾನುವಾರ ಬೆಂಗಳೂರಿನವರು ಬಂದು ಉಳಿಯುತ್ತಾರೆ. ಮುದ್ದೆ ತೊಳಸುವುದನ್ನು ಕಲಿಯುತ್ತಾರೆ, ತೆಂಗಿನ ತೋಟದಲ್ಲಿ ಸುತ್ತಾಡುತ್ತಾರೆ. ಆ ಮೂವರಲ್ಲಿ ಹಿರಿಯಳು ಹೊನ್ನಮ್ಮ. ನಮಗವಳು ಆಗ ಬರೀ ಹೊನ್ನಿ. ಚಿಪ್ಪು ಒಡೆದು ಕೊಬ್ಬರಿ ಬಿಡಿಸಲು ಬರುತ್ತಿದ್ದವಳು ಅಂಗಳದಲ್ಲೇ ಕೂತು, ಅಂಗಳದಲ್ಲೇ ಉಂಡು, ಅಂಗಳದಿಂದಲೇ ಹಿಂತಿರುಗುತ್ತಿದ್ದಳು.

ನನಗೆ ಏಳೋ ಎಂಟೋ ವರ್ಷವಿದ್ದಾಗ ಒಂದು ಸಂಜೆ ಜೋರು ಮಳೆ ಹಿಡಿಯಿತು. ಹೊನ್ನಿ ಎಳೆಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಸೂರಿನ ಕೆಳಗೆ ನಿಂತಿದ್ದಳು. ನಾನು ಹೋಗಿ ಅವಳ ಕೈ ಹಿಡಿದು ನಡುಮನೆಗೆ ಎಳೆದುಕೊಂಡು ಬಂದೆ. ಬ್ಯಾಡ ಪಾಪಮ್ಮ, ಬ್ಯಾಡ ಎನ್ನುತ್ತಲೇ ಅವಳು ಮೂರು ಹೆಜ್ಜೆ ಒಳಗಿಟ್ಟಳು. ಅಜ್ಜಿ ಬೈಯಲಿಲ್ಲ. ಅವಳನ್ನು ನೋಡಿದಳು, ಅಷ್ಟೆ. ಹೊನ್ನಿ ತಾನಾಗಿಯೇ ಹಿಂದೆ ಸರಿದು ಮಳೆಗಿಳಿದು ಹೋದಳು. ಆಮೇಲೆ ಅಜ್ಜಿ ಒಂದು ಬಿಂದಿಗೆ ನೀರು ತಂದು, ಆ ಮೂರು ಹೆಜ್ಜೆಯ ಜಾಗವನ್ನು ತೊಳೆದಳು. ಆ ರಾತ್ರಿಯೂ ನಾನು ಎಂದಿನಂತೆ ಅಜ್ಜಿಯ ಮಗ್ಗುಲಲ್ಲೇ ಮಲಗಿದೆ. ಅವಳ ಹಳೇ ಸೀರೆಯ ಮೆತ್ತನೆಯ ಹೊದಿಕೆ, ಬೆನ್ನ ಮೇಲೆ ಆಡುತ್ತಿದ್ದ ಒರಟು ಅಂಗೈ, ನಿದ್ದೆ ಬರುವವರೆಗೂ ಹೇಳುತ್ತಿದ್ದ ಕಥೆಗಳು. ಅಷ್ಟು ಪ್ರೀತಿ ನನಗೆ ಮುಂದೆಲ್ಲೂ ಸಿಗಲಿಲ್ಲ.

ವಿದ್ಯಾರ್ಥಿಗಳು ನಡುಮನೆಯಲ್ಲಿ ಸಾಲಾಗಿ ಕೂತರು. ಹೊನ್ನಮ್ಮ ಮುದ್ದೆ ಬಡಿಸುತ್ತ ಬಂದು ನನ್ನೆದುರು ನಿಂತು ನಕ್ಕಳು. ಗುರುತು ಹಿಡಿದಿದ್ದಳು. ಚಿಕ್ಕಂದಿನಲ್ಲಿ ಏಕವಚನದಲ್ಲಿ ಕರೆಯುತ್ತಿದ್ದವಳನ್ನು ಈಗ ಏನೆಂದು ಮಾತಾಡಿಸಬೇಕೋ ತೋಚದೆ ನಾನೂ ಸುಮ್ಮನೆ ನಕ್ಕೆ. ಅಷ್ಟರಲ್ಲಿ ಒಬ್ಬ ಹುಡುಗಿ ಪುಸ್ತಕ ತೆರೆದು, "ಆಂಟಿ, ಮೊದ್ಲು ಈ ಮನೇಲಿ ಯಾರಿದ್ರು? ಹೆಂಗಿದ್ರು?" ಎಂದು ಕೇಳಿದಳು. ನಾನು ತಲೆ ತಗ್ಗಿಸಿ ತಟ್ಟೆಯ ಮುದ್ದೆ ಮುರಿಯತೊಡಗಿದೆ.

"ಒಳ್ಳೇ ಜನ ಕಣವ್ವ" ಎಂದಳು ಹೊನ್ನಮ್ಮ. "ಬಂದೋರ್‍ನ ಹಸ್ದ ಹೊಟ್ಟೇಲಿ ಕಳಿಸ್ತಿರ್ಲಿಲ್ಲ."

ಹುಡುಗಿ ಬರೆದುಕೊಂಡಳು. ನನಗೆ ನೆಮ್ಮದಿಯಾಯಿತು, ಆ ನೆಮ್ಮದಿಗೆ ನಾಚಿಕೆಯೂ ಆಯಿತು. ಊಟವಾದ ಮೇಲೆ ಹುಡುಗರು ತೋಟ ನೋಡಲು ಹೋದಾಗ ನಾನು ಹಿತ್ತಿಲಿಗೆ ಹೋದೆ. ಹೊನ್ನಮ್ಮ ಪಾತ್ರೆ ತೊಳೆಯುತ್ತಿದ್ದಳು.

"ಪಾಪಮ್ಮ, ನಿಮ್ಮಜ್ಜಿದೊಂದು ಫೋಟೋ ಐತಾ? ಬಂದೋರೆಲ್ಲ ಕೇಳ್ತಾರೆ. ತಂದ್ಕೊಟ್ರೆ ಹಾಕ್ತೀನಿ."

"ಹೊನ್ನಮ್ಮ, ನಿಮಗೆ... ಆ ಮಳೆ ದಿನ ನೆನಪಿದೆಯಾ?"

ಅವಳು ಕೈ ನಿಲ್ಲಿಸಲಿಲ್ಲ. "ಮರೆಯೋಕಾಯ್ತದಾ? ನೀರು ಹುಯ್ದ ಸದ್ದು ಬೀದಿಗೂ ಕೇಳಿಸ್ತು. ಅದೇ ಕೂಸಿಗೆ ಜ್ವರ ಬಂದಾಗ ಗಾಡಿ ಕಟ್ಸಿ ಗುಬ್ಬಿ ಆಸ್ಪತ್ರೆಗೆ ಕಳಿಸಿದೋರೂ ನಿಮ್ಮಜ್ಜೀನೇ. ಯಾವ್ದು ಮರೀಲಿ, ಯಾವ್ದು ಇಟ್ಕೊಳ್ಲಿ? ನಂಗೊತ್ತಾಗಲ್ಲ, ಬುಡಿ."

ಮರುವಾರ ತರಗತಿಯಲ್ಲಿ ಮಕ್ಕಳ ವರದಿಗಳನ್ನು ಓದಿದೆ. ಮನೆ ಉಳಿಯಿತು, ಊರಿನ ಹೆಂಗಸರಿಗೆ ಕೆಲಸ ಸಿಕ್ಕಿತು, ಹಳೆಯ ಅಡುಗೆ ಉಳಿಯಿತು ಎಂದು ಎಲ್ಲರೂ ಬರೆದಿದ್ದರು. ಒಂದು ಸಾಲೂ ಸುಳ್ಳಲ್ಲ. ನಾನು ಬೆಳೆದ ಮನೆ ಹಾಗೇ ಇದ್ದಿದ್ದರೆ ಹೊನ್ನಮ್ಮ ಅಂಗಳದಲ್ಲೇ ಇರುತ್ತಿದ್ದಳು. ಹಾಗಾದರೆ ಅದು ಹೋಯಿತೆಂದು ನಾನು ಯಾಕೆ ಸಂಕಟಪಡಬೇಕು? ಪಡಬಾರದೆಂದುಕೊಂಡಷ್ಟೂ ಸಂಕಟವಾಗುತ್ತಿತ್ತು. ನೀವೂ ಅಂಥ ಮನೆಯೊಂದರಲ್ಲಿ ಬೆಳೆದವರಾಗಿದ್ದರೆ ಇದು ನಿಮಗೂ ಗೊತ್ತಿರಬಹುದು.

ಫೋಟೋ ಹುಡುಕಿ, ಕಟ್ಟು ಹಾಕಿಸಿ, ಒಂದು ಬುಧವಾರ ಒಬ್ಬಳೇ ಹೋದೆ. ಹೊನ್ನಮ್ಮ ಸೆರಗಿನಿಂದ ಗಾಜು ಒರೆಸಿ ಅಜ್ಜಿಯನ್ನು ತುಂಬ ಹೊತ್ತು ನೋಡಿದಳು. ನಡುಮನೆಯ ಗೋಡೆಯಲ್ಲಿ ಮೊಳೆಯಿತ್ತು. ಅವಳು ಅದನ್ನು ದಾಟಿ ಅಡುಗೆಮನೆಗೆ ಹೋಗಿ, ತಾನು ದಿನವೂ ನಿಲ್ಲುವ ಒಲೆಯ ಎದುರಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದಳು.

"ಇಲ್ಲಿ ಹೊಗೆ ಹಿಡಿಯುತ್ತೆ ಹೊನ್ನಮ್ಮ" ಎಂದೆ.

"ಹಿಡಿದ್ರೆ ಒರಿಸ್ತೀನಿ. ಇಲ್ಲೇ ಇರ್ಲಿ. ನೋಡ್ತಿರ್ಲಿ."

ಅದು ಗೌರವವೋ, ಸೇಡೋ, ಎರಡೂ ಅಲ್ಲದ ಇನ್ನೇನೋ, ಅವಳ ಮುಖ ನೋಡಿದರೂ ತಿಳಿಯಲಿಲ್ಲ. ಕಾಫಿ ಕುಡಿದು ಹೊರಟೆ. ಗುಬ್ಬಿಯ ಬಸ್ಸಿನಲ್ಲಿ ಕೂತಮೇಲೆ ಅಳು ಬಂತು. ಅಜ್ಜಿ ಸತ್ತ ದಿನ ಕೂಡ ಅಷ್ಟು ಅತ್ತಿರಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ಬುಟ್ಟಿಯನ್ನು ಕಾಲ ಬಳಿ ಸರಿಸಿಕೊಂಡು, "ಯಾರ್ ಹೋದ್ರು ಕಣವ್ವ?" ಎಂದು ಕೇಳಿದಳು.

"ನಮ್ಮಜ್ಜಿ" ಎಂದೆ.

"ಅಯ್ಯೋ. ಯಾವಾಗ?"

ನಾನು ಕಿಟಕಿಯ ಕಡೆ ತಿರುಗಿದೆ.