ಏಳು ಅಡಿಯ ಗಾಳಿ ಕೊಳವೆ

ನನ್ನ ಗಂಡ ನೌಕಾಪಡೆಯಲ್ಲಿ ಹದಿನೈದು ವರ್ಷ ಮುಳುಗುಗಾರರಾಗಿದ್ದು, ಎಪ್ಪತ್ತರ ದಶಕದ ಕೊನೆಗೆ ಪಿಂಚಣಿ ತೆಗೆದುಕೊಂಡು ಯಲ್ದೂರಿಗೆ ಬಂದರು. ಜೊತೆಗೆ ಎರಡು ಹಳೆಯ ಗಾಳಿ ಸಿಲಿಂಡರು, ಅವುಗಳ ಗಾಳಿಯನ್ನು ಉಸಿರಿಗೆ ತಕ್ಕಷ್ಟು ಬಿಡುವ ಎರಡು ರೆಗ್ಯುಲೇಟರು. ನಮ್ಮತ್ತೆ ಅವನ್ನು ನೋಡಿ, “ಇವನ್ನ ಕಟ್ಕೊಂಡು ಮಾವಿನ ತೋಪಲ್ಲಿ ಈಜ್ತೀಯೇನೋ?” ಎಂದಿದ್ದರು.

ಆದರೆ ಕೆಲಸ ತಾನಾಗಿ ಹುಡುಕಿಕೊಂಡು ಬಂತು. ಆಗ ಎಲ್ಲ ಕಡೆ ತೆರೆದ ಬಾವಿಗಳು. ಪಂಪಿನ ಕೊಳವೆಯ ತುದಿಯಲ್ಲಿರುವ ಫುಟ್‌ವಾಲ್ವು ಹೂಳಿನಲ್ಲಿ ಸಿಕ್ಕಿಕೊಂಡರೆ ನೀರು ಮೇಲೇರುವುದಿಲ್ಲ. ಬಾವಿ ಖಾಲಿ ಮಾಡಿಸಿ ಬಿಡಿಸಲು ಒಂದು ವಾರ ಬೇಕು; ಇವರು ಇಳಿದರೆ ಒಂದು ಗಂಟೆ. ನಾನು ದಡದಲ್ಲಿ ಹಗ್ಗ ಹಿಡಿದು ಕೂರುತ್ತಿದ್ದೆ. ಒಂದು ಸಲ ಜಗ್ಗಿದರೆ ಎಲ್ಲ ಸರಿ, ಎರಡು ಸಲ ಜಗ್ಗಿದರೆ ಮೇಲೆ ಎಳೆಯಬೇಕು.

ತಾಯಲೂರಿನ ಹತ್ತಿರದ ಒಂದು ಬಾವಿಯಲ್ಲಿ ಹಗ್ಗ ಜಗ್ಗಲೇ ಇಲ್ಲ. ನಾನೇ ಜಗ್ಗಿದೆ, ಉತ್ತರವಿಲ್ಲ. ಎಳೆದರೆ ಎಲ್ಲೋ ಸಿಕ್ಕಿಕೊಂಡಿತ್ತು. ನೀರಿಗೆ ಹಾರಬೇಕೆಂದು ಸೆರಗು ಸೊಂಟಕ್ಕೆ ಸಿಕ್ಕಿಸುವಷ್ಟರಲ್ಲಿ ಅವರ ತಲೆ ಮೇಲೆ ಬಂತು. ತುಟಿ ನೀಲಿಯಾಗಿತ್ತು. ಆ ಕಾಲದ ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆಯೆಂದು ತೋರಿಸುವ ಮುಳ್ಳಿರಲಿಲ್ಲ. ಉಸಿರು ಬಿಗಿಯಾದಾಗ ಒಂದು ಕಡ್ಡಿ ಎಳೆದರೆ ಕೊನೆಯ ಸ್ವಲ್ಪ ಗಾಳಿ ಬರುತ್ತಿತ್ತು. ಆ ಕಡ್ಡಿ ಮೊದಲೇ ಕಲ್ಲಿಗೆ ತಗಲಿ ಕೆಳಗಿಳಿದುಬಿಟ್ಟಿತ್ತು. ಕೊನೆಯ ಗಾಳಿಯೂ ಗೊತ್ತಾಗದೆ ಮುಗಿದಿತ್ತು.

ಮನೆಗೆ ಬಂದ ಮೇಲೆ ಹೇಳಿದೆ: “ಇನ್ಮೇಲೆ ನಾನೂ ಇಳೀತೀನಿ.”

“ಬೇಡ ಕಣೇ.”

“ಬೇಡ ಅಂದ್ರೆ ನೀವೂ ಇಳೀಬೇಡಿ.”

ನಾನು ಬಾವಿಯಲ್ಲೇ ಈಜು ಕಲಿತವಳು. ಅದು ಅವರಿಗೂ ಗೊತ್ತಿತ್ತು. ಮರುದಿನದಿಂದ ನಮ್ಮ ತೋಪಿನ ಬಾವಿಯಲ್ಲಿ ಅಭ್ಯಾಸ ಶುರುವಾಯಿತು. ಅವರ ಹಳೆಯ ಖಾಕಿ ಪ್ಯಾಂಟು ತೊಟ್ಟು ಇಳಿಯುತ್ತಿದ್ದೆ. ಬೇಲಿಯಾಚೆ ನಗುವವರು ನಕ್ಕರು.

ನೀರಿನಲ್ಲಿ ಉಸಿರಾಡುವುದು ಮೂರೇ ದಿನಕ್ಕೆ ಬಂತು. ತೊಂದರೆಯಾಗಿದ್ದು ಬೇರೆ ಕಡೆ. ಒಬ್ಬರ ಗಾಳಿ ಮುಗಿದರೆ ಇನ್ನೊಬ್ಬರ ರೆಗ್ಯುಲೇಟರಿನ ಬಾಯಿತುಂಡನ್ನು ಇಬ್ಬರೂ ಸರದಿಯ ಮೇಲೆ ಕಚ್ಚಿಕೊಂಡು ಮೇಲೆ ಬರಬೇಕು. ಅವರಿಗೆ ಕಲಿಸಿದ್ದು ಹಾಗೆ. ಬಾಯಿತುಂಡಿನ ಕೊಳವೆ ಎರಡೇ ಅಡಿ. ಮುಖಕ್ಕೆ ಮುಖ ಕೊಟ್ಟಿದ್ದರೆ ಮಾತ್ರ ಎಟುಕುತ್ತದೆ. ಪಂಪಿನ ಕೊಳವೆಗೂ ಕಲ್ಲುಗೋಡೆಗೂ ನಡುವೆ ಇಬ್ಬರು ಮುಖಾಮುಖಿ ನಿಲ್ಲುವುದಾದರೂ ಹೇಗೆ? ಎರಡು ಸಲ ನೀರು ಕುಡಿದು ಕೆಮ್ಮುತ್ತ ಮೇಲೆ ಬಂದೆ.

“ಉದ್ದದ ಕೊಳವೆ ಬೇಕು,” ಎಂದೆ. “ಒಬ್ಬರ ಹಿಂದೆ ಒಬ್ಬರು ಬರೋ ಹಾಗೆ.”

ಅವರ ಪೆಟ್ಟಿಗೆಯಲ್ಲಿ ಬಿಡಿ ಬಾಯಿತುಂಡು ಒಂದಿತ್ತು. ಎರಡರಲ್ಲಿ ಒಳ್ಳೆಯ ರೆಗ್ಯುಲೇಟರಿನ ತಲೆಯಲ್ಲಿ, ಇನ್ನೊಂದು ಕೊಳವೆ ಕೂರಿಸಲು, ಬೋಲ್ಟು ಹಾಕಿ ಮುಚ್ಚಿದ ತೂತೂ ಇತ್ತು. ಕೊಳವೆ ಮಾತ್ರ ಇರಲಿಲ್ಲ. ಅಂಗಳದಲ್ಲಿ ಅವರನ್ನು ಬೋರಲು ಮಲಗಿಸಿ, ಹಿಂದೆ ನಾನೂ ಮಲಗಿ, ನನ್ನ ಬೆನ್ನಿನಿಂದ ಅವರ ಬಾಯಿಯವರೆಗೆ ನೂಲಿನಲ್ಲಿ ಅಳೆದೆ. ಏಳು ಅಡಿ. ಅತ್ತೆ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದರು.

ಗ್ಯಾಸ್ ವೆಲ್ಡಿಂಗಿನ ದಪ್ಪ ರಬ್ಬರು ಕೊಳವೆ ಕೋಲಾರದಲ್ಲಿ ಸಿಕ್ಕಿತು. ಅದರೊಳಗೆ ಸೀಮೆಸುಣ್ಣದಂಥ ಪುಡಿ. ಅಂಟುವಾಳದ ನೀರು ಹಾಯಿಸಿ ತೊಳೆದೆವು. ಎರಡು ತುದಿಗೂ ಹಿತ್ತಾಳೆಯ ತಿರುಪು ಕಡೆಸಬೇಕಿತ್ತು. ಲೇತ್ ಅಂಗಡಿಯ ಮುದುಕರು ಮಾದರಿಯನ್ನು ಕೈಯಲ್ಲಿ ಹಿಡಿದು ನೋಡಿ, ಯಾತಕ್ಕೆಂದು ಕೇಳಿ ತಿಳಿದು, ಕೆಳಗಿಟ್ಟರು.

“ಇದು ಪಂಪಿನ ಸಾಮಾನಲ್ಲ ತಲ್ಲೀ, ಮನುಷ್ಯನ ಊಪಿರಿ, ಉಸಿರು. ನನ್ ಕೈಲಾಗಲ್ಲ.”

“ನಿಮ್ಮ ಕೈಲಿ ಆಗ್ದೆ ಇದ್ರೆ ಕೋಲಾರದಲ್ಲಿ ಯಾರ ಕೈಲೂ ಆಗಲ್ಲ,” ಎಂದು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಮಧ್ಯಾಹ್ನದವರೆಗೂ ಕೂತೆ. ಕೊನೆಗೆ ಅವರು ಕನ್ನಡಕ ಒರೆಸಿಕೊಂಡು ಯಂತ್ರ ಚಾಲೂ ಮಾಡಿದರು. ಮೊದಲನೆಯ ಜೋಡಿ, ಮನೆಯಲ್ಲಿ ಗಾಳಿ ತುಂಬಿ ತೊಟ್ಟಿಯ ನೀರಿನಲ್ಲಿ ಮುಳುಗಿಸಿದಾಗ, ಗುಳ್ಳೆ ಬಿಟ್ಟಿತು, ಎರಡನೆಯದೂ ಬಿಟ್ಟಿತು. ಮೂರನೆಯ ಸಲ ಕೋಲಾರಕ್ಕೆ ಹೋದಾಗ ಅವರೇ, “ಈ ಸಲ ಬಿಡಲ್ಲಮ್ಮ,” ಎಂದರು. ರಾತ್ರಿಯೆಲ್ಲ ನೀರಿನಲ್ಲಿ ಮುಳುಗಿಸಿಟ್ಟರೂ ಒಂದು ಗುಳ್ಳೆ ಬರಲಿಲ್ಲ.

ಅಭ್ಯಾಸದ ಮೊದಲ ದಿನವೇ ಆ ಉದ್ದದ ಕೊಳವೆ ಪಂಪಿನ ಕೊಳವೆಯ ಬೋಲ್ಟಿಗೆ ಸಿಕ್ಕಿ ನನ್ನನ್ನು ಹಿಂದಕ್ಕೆಳೆಯಿತು. “ನೋಡಿದ್ಯಾ? ಜೋತಾಡೋದು ಯಾವತ್ತಿದ್ರೂ ಸಿಗ್ಬೀಳ್ತದೆ,” ಎಂದರು ಇವರು. ಹಾಗಾದರೆ ಜೋತಾಡಬಾರದು. ಬೆನ್ನಿನಿಂದ ಬಲಗಂಕುಳ ಕೆಳಗೆ ತಂದು, ಎದೆಯ ಮೇಲೆ ಅಡ್ಡ ಹಾಯಿಸಿ, ಕತ್ತಿನ ಹಿಂದಿನಿಂದ ಸುತ್ತಿ ಬಾಯಿಗೆ ತಂದೆ. ಸೆರಗು ಹೊದ್ದ ಹಾಗೆ ಮೈಗಂಟಿ ಕೂತಿತು. ಚಿಕ್ಕ ಕೊಳವೆಯ ಬಾಯಿತುಂಡನ್ನು ಸೈಕಲ್ ಟ್ಯೂಬಿನ ಪಟ್ಟಿಯಲ್ಲಿ ಗದ್ದದ ಕೆಳಗೆ ಕಟ್ಟಿಕೊಂಡೆ. ಉದ್ದದ್ದರಲ್ಲಿ ನಾನೇ ಉಸಿರಾಡುತ್ತಿರಬೇಕು, ಕೊಡುವಾಗ ಅದನ್ನೇ ಕೊಡಬೇಕು. ಆಗ ಅದು ಕೆಲಸ ಮಾಡುತ್ತದೆಯೋ ಇಲ್ಲವೋ ಎಂಬ ಅನುಮಾನವಿರುವುದಿಲ್ಲ.

“ಕೆಲಸಕ್ಕೆ ಇಳಿಯೋವಾಗ ಅದನ್ನ ನಾನು ಹಾಕ್ಕೋತೀನಿ,” ಎಂದರು.

“ನೀವು ಮುಂದೆ, ತಲೆ ಹೂಳಲ್ಲಿ. ಕೈ ಬಿಡುವಿರೋಳು ನಾನು. ನನ್ನ ಮೇಲೇ ಇರಲಿ.”

ಅವರು ಆ ಒಳ್ಳೆಯ ರೆಗ್ಯುಲೇಟರನ್ನು ನನ್ನ ಸಿಲಿಂಡರಿಗೆ ತಿರುಪಿದರು.

ಮುಳಬಾಗಿಲಿನ ಕಡೆ ಹಿಪ್ಪುನೇರಳೆ ತೋಟದ ಒಂದು ಬಾವಿಯಲ್ಲಿ ಗೋಡೆಯ ಚಪ್ಪಡಿಯೊಂದು ಜಾರಿ ಫುಟ್‌ವಾಲ್ವಿನ ಮೇಲೆ ಓರೆಯಾಗಿ ಒರಗಿತ್ತು. ಇವರು ಅದರಡಿ ನುಸುಳಿದರು. ನಾನು ಅವರ ಕಾಲಿನ ಹತ್ತಿರ ಹಗ್ಗ ಬಿಡುತ್ತಿದ್ದೆ. ಕೆದಕಿದ ಹೂಳಿಗೆ ನೀರು ಕೆಂಪಾಗಿ ಏನೂ ಕಾಣದಾಯಿತು. ಇದ್ದಕ್ಕಿದ್ದಂತೆ ಅವರ ಕೈ ಹಿಂದಕ್ಕೆ ಬಂದು ನನ್ನ ತೋಳನ್ನು ಮೂರು ಸಲ ಹಿಂಡಿತು. ಗಾಳಿಯಿಲ್ಲವೆಂಬ ನಮ್ಮ ಗುರುತು.

ಕೈ ಕಲಿತದ್ದನ್ನೇ ಮಾಡಿತು. ಉದ್ದದ ಕೊಳವೆಯ ಬಾಯಿತುಂಡನ್ನು ಬಾಯಿಂದ ಕಿತ್ತು ಅವರ ಅಂಗೈಗೆ ಒತ್ತಿದೆ. ಗದ್ದದ ಕೆಳಗಿನದನ್ನು ಕಚ್ಚಿಕೊಂಡೆ. ಕೊಳವೆ ಎದೆಯಿಂದ ಬಿಚ್ಚಿಕೊಂಡು ಕತ್ತಲೊಳಗೆ ಪೂರಾ ಹೋಯಿತು. ಆಮೇಲೆ ಅವರ ಉಸಿರಿನ ಗುಳ್ಳೆಗಳ ಸದ್ದು. ಅಷ್ಟು ಕೇಳಿದ ಮೇಲೆ ಅವರ ಕಾಲು ಹಿಡಿದು ಹಿಂದಕ್ಕೆ ಸರಿದೆ. ಚಪ್ಪಡಿಯಿಂದ ಹೊರಬಂದು, ಆತುರಪಡದೆ, ಪಂಪಿನ ಕೊಳವೆ ಹಿಡಿದು ಒಬ್ಬರ ಹಿಂದೆ ಒಬ್ಬರು ಮೇಲೆ ಬಂದೆವು.

ಅವರ ಹಳೆಯ ಬಾಯಿತುಂಡಿನ ರಬ್ಬರು ಪದರ ಹರಿದು, ಉಸಿರೆಳೆದಾಗೆಲ್ಲ ನೀರು ನುಗ್ಗಿತ್ತು. ಹೊಸ ಪದರ ಕತ್ತರಿಸಿ ಹಾಕಿ, ಮುಂದಿನ ವಾರ ಅದೇ ಬಾವಿಗೆ ಮತ್ತೆ ಇಳಿದೆವು. ಫುಟ್‌ವಾಲ್ವು ಬಿಡಿಸಿಕೊಂಡಿತು. ನಾನು ಮೊದಲು ಮೆಟ್ಟಿಲೇರಿ ಕೂತೆ. ಇವರು ಇನ್ನೂ ನೀರಿನಲ್ಲಿ, ಚಪ್ಪಡಿ ಮೀಟಿದ ಹಾರೆಯನ್ನು ಹಗ್ಗಕ್ಕೆ ಕಟ್ಟುತ್ತಿದ್ದರು. ತೋಟದ ಯಜಮಾನಿ ಬಿಸಿ ಕಾಫಿ ತಂದು, ನನ್ನ ಬೆನ್ನಿನ ಸಿಲಿಂಡರು, ಎದೆಯ ಮೇಲಿನ ಕೊಳವೆ ನೋಡಿ ಕನಿಕರದಿಂದ, “ಅದನ್ನ ಬಿಚ್ಚಿಟ್ಟು ಕುಡಿಯಮ್ಮ,” ಎಂದರು.

“ಅವರು ಮೇಲೆ ಬರ್ಲಿ, ಬಿಚ್ತೀನಿ,” ಎಂದು ಲೋಟ ಪಕ್ಕಕ್ಕಿಟ್ಟೆ.